ಲೇಕ್ ಪೊವೆಲ್‌ನಲ್ಲಿ ಆರ್‌ವಿ ಎಲ್ಲಿ ನಿಲ್ಲಿಸೋದು? ಲೋನ್ ರಾಕ್ ಮರಳೋ, ವಾವೀಪ್ ಹುಕಪ್ಪೋ

ಏಪ್ರಿಲ್ ಕೊನೇ ವಾರ ಫೀನಿಕ್ಸಿಂದ 25 ಅಡಿ ಕ್ಲಾಸ್ ಸಿ ಆರ್‌ವಿ (ಒಳಗೇ ಅಡುಗೆ, ಹಾಸಿಗೆ, ಟಾಯ್ಲೆಟ್ ಇರೋ ಮಧ್ಯಮ ಸೈಜಿನ ಗಾಡಿ) ಬಾಡಿಗೆಗೆ ತಗೊಂಡು, ಅರಿಜೋನಾ-ಯೂಟಾ ಗಡೀಲಿರೋ ಲೇಕ್ ಪೊವೆಲ್ ಪಕ್ಕದ ಪೇಜ್ ಅನ್ನೋ ಊರಿನ ಕಡೆ ಹೊರಟ್ವಿ, ನಾನು, ಹೆಂಡ್ತಿ, ಇಬ್ಬರು ಮಕ್ಕಳು, ಸಾಗರದಿಂದ ಬಂದಿದ್ದ ಅಪ್ಪ ಅಮ್ಮ. ಸುಮಾರು 280 ಮೈಲಿ, ಕಾರಲ್ಲಾದ್ರೆ ನಾಲ್ಕೂವರೆ ಗಂಟೆ, ಈ ಗಾಡಿಯಲ್ಲಿ ಏರು ಹತ್ತಿಸಿ, ನಿಲ್ಲಿಸಿ, ಅಮ್ಮಂಗೆ ಕಾಫಿ ಮಾಡ್ಕೊಟ್ಟು ಹೋಗೋಕೆ ಏಳು ಗಂಟೆ ಹಿಡೀತು. ಎರಡು ರಾತ್ರಿ ಲೋನ್ ರಾಕ್ ಬೀಚ್, ಆಮೇಲೆ ಎರಡು ರಾತ್ರಿ ವಾವೀಪ್ ಕ್ಯಾಂಪ್‌ಗ್ರೌಂಡ್, ಅಲ್ಲಿ ಹುಕಪ್ ಇದೆ, ಅಂದ್ರೆ ಕರೆಂಟು, ನೀರು, ಕೊಳಚೆ ಪೈಪು ಗಾಡಿಗೇ ಜೋಡಿಸ್ಕೋಬಹುದು. ಎರಡೂ ಗ್ಲೆನ್ ಕ್ಯಾನ್ಯನ್ ನ್ಯಾಷನಲ್ ರಿಕ್ರಿಯೇಷನ್ ಏರಿಯಾ ಒಳಗೇ ಇರೋದು, ಒಂದೇ ಕೆರೆ, ಒಂದೇ ಕೆಂಪು ಬಂಡೆ, ಮಧ್ಯ ಹೆಚ್ಚು ದೂರನೂ ಇಲ್ಲ. ಆದ್ರೆ ಎರಡು ಬೇರೆ ಬೇರೆ ಟ್ರಿಪ್ ಮಾಡಿದ ಹಾಗಿತ್ತು, ಅದಕ್ಕೆ ಕಾರಣ ವ್ಯೂ ಅಲ್ಲ, ಗಾಡಿ ಹೊಟ್ಟೆಯಲ್ಲಿರೋ ಮೂರು ಟ್ಯಾಂಕು: ಕುಡಿಯೋ ನೀರಿಂದು, ಪಾತ್ರೆ ಸ್ನಾನದ ನೀರಿಂದು, ಟಾಯ್ಲೆಟ್ಟಿಂದು.

ಲೋನ್ ರಾಕ್ ಯೂಟಾ ಕಡೆ ಬರುತ್ತೆ. ಅಲ್ಲಿ ಸೈಟ್ ನಂಬರ್ ಇಲ್ಲ, ಕರೆಂಟ್ ಇಲ್ಲ, ನಲ್ಲಿ ಕನೆಕ್ಷನ್ ಇಲ್ಲ. ಮರಳ ಮೇಲೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ಕೋ. ಎದುರಿಗೆ ನೀರಿಂದ ಸೀದಾ ಎದ್ದು ನಿಂತಿರೋ ಒಂಟಿ ಬಂಡೆ, ಎಂಟ್ರಾಡಾ ಅನ್ನೋ ಮರಳುಗಲ್ಲು. ಕೆರೆ ತುಂಬಿದ್ದಾಗ ಅದು ದ್ವೀಪ, ನೀರು ತುಂಬಾ ಇಳಿದ್ರೆ ನಡ್ಕೊಂಡೇ ಬುಡಕ್ಕೆ ಹೋಗ್ಬಹುದು. ಸಂಜೆ ಬಿಸಿಲು ಬಿದ್ದಾಗ ಒಂದು ಹತ್ತು ನಿಮಿಷ ಇಡೀ ಬಂಡೆ ಒಳಗಿಂದ ಕೆಂಡ ಇಟ್ಟ ಹಾಗೆ ಆಗುತ್ತೆ, ಅಮ್ಮ ಮೊಬೈಲ್ ಕೆಳಗಿಟ್ಟು ಸುಮ್ನೆ ಕೂತ್ಬಿಟ್ರು.

ಈಗ ನನ್ನ ದಡ್ಡತನದ ಕಥೆ. ಮೇಲ್ಗಡೆ ಮರಳು ಗಟ್ಟಿಯಾಗಿತ್ತು, ಎಲ್ರೂ ಅಲ್ಲೇ ನಿಲ್ಲಿಸಿದ್ರು, ನಂಗೆ ಮಾತ್ರ ನೀರಿಗೆ ಅಂಟ್ಕೊಂಡೇ ನಿಲ್ಲಿಸ್ಬೇಕು ಅನ್ನೋ ಚಪಲ. ನೀರು ಇಳಿದ ಮೇಲೆ ಹೊಸದಾಗಿ ಬಯಲಾದ ಜಾಗ ಮೇಲಿಂದ ಒಣಗಿದ ಹಾಗೆ ಕಾಣುತ್ತೆ, ಕೆಳಗೆ ಮೆತ್ತಗೆ. ಹಿಂದಿನ ಜೋಡಿ ಚಕ್ರ ಅರ್ಧ ಹೂತ್ಕೊಂಡ್ವು, ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. "ಗದ್ದೇಲಿ ಟಿಲ್ಲರ್ ಹೂತ ಹಾಗಾಯ್ತಲ್ಲೋ ಮಾರಾಯ" ಅಂದ್ರು ಅಪ್ಪ, ಸಹಾಯಕ್ಕಲ್ಲ, ಖುಷಿಗೆ. ಪಕ್ಕದಲ್ಲಿದ್ದ ಒಬ್ಬ ಅಜ್ಜ ಸಲಿಕೆ ತಂದು, ಅವರ ಪಿಕಪ್ಪಿಗೆ ಪಟ್ಟಿ ಕಟ್ಟಿ ಎಳೆದು ಬಿಡಿಸಿದ್ರು. ಆಮೇಲೆ ಕೂತು ಬಾಡಿಗೆ ಕಾಂಟ್ರಾಕ್ಟ್ ಓದಿದ್ರೆ, ಟಾರ್ ರೋಡ್ ಬಿಟ್ಟು ಇಳಿಸಿದ್ರೆ ಇನ್ಶೂರೆನ್ಸ್ ಇಲ್ಲ, ಟೋಯಿಂಗ್ ನಿಮ್ಮ ಖರ್ಚು ಅಂತ ಸಣ್ಣಕ್ಷರದಲ್ಲಿ ಇತ್ತು. ಬಾಡಿಗೆ ಗಾಡಿಯವ್ರು ಇದನ್ನ ಮನೇಲೇ ಓದ್ಕೊಂಡು ಹೊರಡಿ, ಕೆಲವು ಕಾಂಟ್ರಾಕ್ಟಲ್ಲಿ ಲೋನ್ ರಾಕ್ ಥರದ ಜಾಗಕ್ಕೆ ಹೋಗೋ ಹಾಗೇ ಇಲ್ಲ.

ನೀರಿನ ಲೆಕ್ಕ. ನಮ್ಮ ಗಾಡೀಲಿ ಕುಡಿಯೋ ನೀರಿನ ಟ್ಯಾಂಕ್ 40 ಗ್ಯಾಲನ್, ಅಂದ್ರೆ 150 ಲೀಟರ್ ಹತ್ರ. ಆರು ಜನ. ಅಮ್ಮ ಅಕ್ಕಿ ಮೂರು ಸಲ ತೊಳೀತಾರೆ, ಪಾತ್ರೆ ನಲ್ಲಿ ಬಿಟ್ಕೊಂಡೇ ಉಜ್ಜೋದು, ಟಾಯ್ಲೆಟ್ಟಿಗೆ ಚೊಂಬು ಬೇಕೇ ಬೇಕು. ಮೊದಲನೇ ದಿನ ರಾತ್ರಿನೇ ಪ್ಯಾನಲ್ಲಲ್ಲಿ ನೀರು ಮೂರನೇ ಒಂದು ಭಾಗ, ಪಾತ್ರೆ ಸ್ನಾನದ ನೀರು ಸೇರೋ ಗ್ರೇ ಟ್ಯಾಂಕ್ ಮುಕ್ಕಾಲು ತುಂಬಿದೆ ಅಂತ ತೋರಿಸ್ತು. ಎರಡನೇ ದಿನದಿಂದ ರೇಷನ್: ಕುಕ್ಕರಲ್ಲಿ ಒಂದೇ ಅಡುಗೆ ಬಿಸಿಬೇಳೆಬಾತು, ಪೇಪರ್ ಪ್ಲೇಟು, ಬೆಳಿಗ್ಗೆ ಗೊಜ್ಜವಲಕ್ಕಿ, ಸ್ನಾನ ಕೆರೇಲಿ (ಏಪ್ರಿಲ್ ನೀರು ಕೊರೆಯುತ್ತೆ, ಮಕ್ಕಳು ಮಾತ್ರ ಇಳಿದ್ರು). ಕ್ವಾಗಾ ಅನ್ನೋ ಸಣ್ಣ ಚಿಪ್ಪಿನ ಜೀವಿ ಈ ಕೆರೆ ತುಂಬ ಹಬ್ಬಿದೆ, ದಡದಲ್ಲಿ ಅದರ ಒಡೆದ ಚಿಪ್ಪು ಬ್ಲೇಡ್ ಥರ, ಚಪ್ಪಲಿ ಹಾಕ್ಸಿಯೇ ನೀರಿಗೆ ಬಿಡಿ.

ಕರೆಂಟಿನ ಕಥೆ ಇನ್ನೊಂದು. ಪೇಜ್ ಸುಮಾರು 4,300 ಅಡಿ ಎತ್ತರದಲ್ಲಿದೆ, ಮರುಭೂಮಿ ಅಂತ ಹಗುರ ಬಟ್ಟೆ ತಗೊಂಡ್ಹೋದ್ರೆ ರಾತ್ರಿ ನಡುಗ್ತೀರ. ಗಾಡಿ ಬಿಸಿ ಮಾಡೋ ಫರ್ನೇಸ್ ಪ್ರೊಪೇನ್ ಗ್ಯಾಸಲ್ಲಿ ಉರಿಯುತ್ತೆ ನಿಜ, ಆದ್ರೆ ಅದರ ಫ್ಯಾನ್ ಬ್ಯಾಟರೀಲಿ ಓಡುತ್ತೆ, ಬೆಳಿಗ್ಗೆ ಐದಕ್ಕೆ ಬ್ಯಾಟರಿ ಮಲಗ್ತು, ನಾವು ಎದ್ವಿ. ಹಗಲು ಜನರೇಟರ್ ಹಾಕಿ ಚಾರ್ಜ್ ಮಾಡ್ಕೊಂಡ್ವಿ. ಸುತ್ತಮುತ್ತ ಎಲ್ರೂ ಅದನ್ನೇ ಮಾಡ್ತಾರೆ, ಜೊತೆಗೆ ಮರಳಲ್ಲಿ ಓಡಿಸೋ ಬಗ್ಗಿಗಳ ಗಲಾಟೆ, ಹಾಗಾಗಿ ನಿಶ್ಶಬ್ದ ಅಂದ್ಕೊಂಡು ಹೋಗ್ಬೇಡಿ. ಮಧ್ಯಾಹ್ನ ಗಾಳಿ ಎದ್ರೆ ಆವ್ನಿಂಗ್ (ಗಾಡಿ ಪಕ್ಕಕ್ಕೆ ಬಿಚ್ಚೋ ನೆರಳಿನ ಬಟ್ಟೆ) ಸುತ್ತಿಟ್ಬಿಡಿ, ನಮ್ದು ಹರಿಯೋದು ಸ್ವಲ್ಪದರಲ್ಲಿ ತಪ್ತು. ಹತ್ತು ಗಂಟೆ ಮೇಲೆ ಎಲ್ಲಾ ತಣ್ಣಗಾದಾಗ ಮಾತ್ರ, ಆ ನಕ್ಷತ್ರ ನೋಡಿದ್ಮೇಲೆ ಬೈದಿದ್ದೆಲ್ಲ ವಾಪಸ್ ತಗೊಂಡೆ.

ವಾವೀಪಿಗೆ ಬಂದ್ರೆ ಉಸಿರು ಬಿಟ್ಟ ಹಾಗಾಯ್ತು. ಗಟ್ಟಿ ನೆಲ, ಕರೆಂಟು, ನೀರು, ಕೊಳಚೆ ಪೈಪು ಮೂರೂ ಗಾಡಿ ಪಕ್ಕದಲ್ಲೇ, ಬಟ್ಟೆ ಒಗೆಯೋ ಮಷೀನು, ಬಿಸಿನೀರಿನ ಸ್ನಾನದ ಮನೆ. ಅಮ್ಮ ಅವತ್ತು ಎಲ್ಲಾ ಪಾತ್ರೆ ಎರಡೆರಡು ಸಲ ತೊಳೆದ್ರು, ಸೇಡು ತೀರಿಸ್ಕೊಂಡ ಹಾಗೆ. ಇಂಗಿನ ಒಗ್ಗರಣೆಗೆ ಸ್ಮೋಕ್ ಅಲಾರಂ ಮಾತ್ರ ಎರಡು ಕಡೆನೂ ಒಂದೇ ಥರ ಕಿರುಚ್ತು. ಕೆರೆ ಇಲ್ಲಿ ಇಳಿಜಾರಿನ ಕೆಳಗೆ, ದೂರದಲ್ಲಿ ನವಾಹೋ ಮೌಂಟನ್ ದುಂಡಗೆ ಕಾಣುತ್ತೆ, ಚೆನ್ನಾಗಿದೆ. ಆದ್ರೆ ಬಾಗಿಲು ತೆಗೆದ್ರೆ ಎದುರಿಗೆ ಸಿಗೋದು ಪಕ್ಕದವರ ಗಾಡಿ, ನೀರಲ್ಲ. ದುಡ್ಡೂ ಲೋನ್ ರಾಕ್‌ಗಿಂತ ಸಿಕ್ಕಾಪಟ್ಟೆ ಜಾಸ್ತಿ, ಮುಂಚೆನೇ ಬುಕ್ ಮಾಡ್ಬೇಕು. ಪಾರ್ಕ್ ಎಂಟ್ರಿ ಎರಡಕ್ಕೂ ಬೇಕು, ವರ್ಷಕ್ಕೆ ಎರಡು ಮೂರು ನ್ಯಾಷನಲ್ ಪಾರ್ಕ್ ನೋಡೋರು ವರ್ಷದ ಪಾಸ್ ತಗೊಳ್ಳಿ.

ಅಪ್ಪಂಗೆ ಹಿಡಿಸಿದ್ದು ಎರಡೂ ಅಲ್ಲ, ಬಂಡೆ ಮೇಲಿನ ಬಿಳಿ ಪಟ್ಟಿ. ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಹಂಡೆ ಒಳಗೆ ಕಟ್ಟುತ್ತಲ್ಲ ಸುಣ್ಣದ ಪೊರೆ, ಅದೇ ಜಾತಿ, ಕೆರೆ ನೀರು ಹಿಂದೆ ಎಲ್ಲಿವರೆಗೆ ಇತ್ತು ಅಂತ ಕೆಂಪು ಗೋಡೆ ಮೇಲೆ ಬರೆದಿಟ್ಟಿದೆ. ಈ ಕೆರೆ ಆಗಿದ್ದೇ ಗ್ಲೆನ್ ಕ್ಯಾನ್ಯನ್ ಡ್ಯಾಮಿಂದ, ಅದು 1963ರಲ್ಲಿ ನೀರು ನಿಲ್ಸೋಕೆ ಶುರು ಮಾಡ್ತು, ಪೂರ್ತಿ ತುಂಬೋಕೆ 1980 ಆಯ್ತು. ನಾನು 1963 ಅಂದಿದ್ದೇ ತಡ, "ನಮ್ಮ ಲಿಂಗನಮಕ್ಕಿ ಮರುವರ್ಷ" ಅಂದ್ರು ಅಪ್ಪ. ಬೇಸಿಗೇಲಿ ಶರಾವತಿ ಹಿನ್ನೀರು ಇಳಿದಾಗ ಮಡೆನೂರಿನ ಹಳೇ ಡ್ಯಾಮ್ ಮೇಲೆ ಬರೋದು, ಅಜ್ಜನ ಕಡೆಯವರ ತೋಟ ಮುಳುಗಿದ್ದು, ಎಲ್ಲಾ ಅಲ್ಲೇ ಕೂತು ಮಕ್ಕಳಿಗೆ ಹೇಳಿದ್ರು. ಇಲ್ಲಿ ಮುಳುಗಿದ್ದೂ ಖಾಲಿ ಕಣಿವೆ ಏನಲ್ಲ, ಮೂಲನಿವಾಸಿಗಳ ಹಳೇ ಕಲ್ಲುಮನೆ, ಬಂಡೆ ಚಿತ್ರ ಎಷ್ಟೋ ಇದ್ವು. ಡ್ಯಾಮ್ ಅಕ್ಕಪಕ್ಕದ ಗೋಡೆ ನವಾಹೋ ಮರಳುಗಲ್ಲು, ಸುಮಾರು 19 ಕೋಟಿ ವರ್ಷದ ಹಿಂದಿನ ಮರಳ ದಿಬ್ಬಗಳೇ ಕಲ್ಲಾಗಿರೋದು, ಅವತ್ತು ಗಾಳಿ ಯಾವ ಕಡೆ ಬೀಸ್ತಿತ್ತು ಅನ್ನೋದು ಓರೆ ಓರೆ ಗೆರೆಗಳಲ್ಲಿ ಇನ್ನೂ ಕಾಣುತ್ತೆ.

ಇನ್ನೊಂದು ಎಚ್ಚರಿಕೆ, ಟೈಮು. ಅರಿಜೋನಾದ ಹೆಚ್ಚಿನ ಕಡೆ ಬೇಸಿಗೇಲಿ ಗಡಿಯಾರ ಮುಂದಿಡಲ್ಲ, ಯೂಟಾದವ್ರು ಇಡ್ತಾರೆ. ಲೋನ್ ರಾಕಲ್ಲಿ ಫೋನ್ ಒಂದು ಗಂಟೆ ಮುಂದಕ್ಕೆ ಹಾರಿತ್ತು, ನಾವು ಪೇಜ್ ಹತ್ರದ ಆ್ಯಂಟಿಲೋಪ್ ಕ್ಯಾನ್ಯನ್ ಟೂರಿಗೆ ಎದ್ದು ಬಿದ್ದು ಹೋಗಿ ನೋಡಿದ್ರೆ ಒಂದು ಗಂಟೆ ಮುಂಚೆ. ಟೂರೆಲ್ಲ ಅರಿಜೋನಾ ಟೈಮಲ್ಲಿ, ಫೋನಲ್ಲಿ ಫೀನಿಕ್ಸ್ ಟೈಮ್ ಕೈಯಾರೆ ಸೆಟ್ ಮಾಡಿಡಿ.

ನನ್ನ ಓಟು? ವಯಸ್ಸಾದವ್ರು ಇದ್ರೆ, ಇಲ್ಲಾ ಜೂನ್ ದಾಟಿದ್ರೆ ವಾವೀಪ್, ಯೋಚ್ನೆನೇ ಬೇಡ, ಏಸಿ ಇಲ್ದೆ ಆ ಬಿಸಿಲಲ್ಲಿ ಡಬ್ಬದೊಳಗೆ ಕೂರೋಕಾಗಲ್ಲ. ಗಂಡ ಹೆಂಡ್ತಿ ಮಾತ್ರ, ಇಲ್ಲಾ ಫ್ರೆಂಡ್ಸ್ ಆದ್ರೆ ಲೋನ್ ರಾಕ್, ವಾರದ ಮಧ್ಯ, ಒಂದೇ ರಾತ್ರಿ, ಗಟ್ಟಿ ಮರಳ ಮೇಲೆ. ಎರಡೂ ಬೇಕು ಅಂದ್ರೆ ನಾವು ಮಾಡಿದ ಕ್ರಮನೇ ಸರಿ, ಮೊದ್ಲು ಮರಳು ಆಮೇಲೆ ಹುಕಪ್, ತುಂಬಿದ ಟ್ಯಾಂಕ್ ಖಾಲಿ ಮಾಡೋಕೆ ಬೇರೆ ಕಡೆ ಕ್ಯೂ ನಿಲ್ಲಬೇಕಾಗಿಲ್ಲ. ಗಾಡಿ ವಾಪಸ್ ಕೊಡೋ ಮುಂಚೆ ಗುಡಿಸಿ ಗುಡಿಸಿ ಎರಡು ಮೊರ ಮರಳು ತೆಗೆದ್ವಿ, ಆದ್ರೂ ಕ್ಲೀನಿಂಗ್ ಚಾರ್ಜ್ ಹಾಕಿದ್ರು. ಮೊನ್ನೆ ಸಾಸಿವೆ ಡಬ್ಬಿ ತೆಗೆದ್ರೆ ಅದರಲ್ಲೂ ಒಂಚೂರು ಕೆಂಪು ಮರಳು.