ಚಾಕುವಿಗೆ ಯಾವ ಎಣ್ಣೆ? ನಾಲ್ಕು ಹಚ್ಚಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಫುಡ್ ಗ್ರೇಡ್ ಮಿನರಲ್ ಆಯಿಲ್‌ಗೆ, ಅಂದರೆ ಪೆಟ್ರೋಲಿಯಂನಿಂದ ತೆಗೆದು, ಆಹಾರಕ್ಕೆ ತಾಗಿದರೂ ತೊಂದರೆ ಇಲ್ಲದಷ್ಟು ಶುದ್ಧ ಮಾಡಿದ ಎಣ್ಣೆಗೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಹೊಗಳೋಣ ಅಂದರೂ ಹೇಳೋಕೆ ಏನೂ ಸಿಗದ ಎಣ್ಣೆ. ಅದಕ್ಕೆ ಬರುವ ಮುಂಚೆ ಬೇರೆಲ್ಲ ಸುತ್ತಾಡಿ, ಒಂದು ಒಳ್ಳೇ ಚಾಕುವನ್ನು ಹೆಚ್ಚುಕಡಿಮೆ ಕಳೆದುಕೊಂಡಿದ್ದೆ.

ನನ್ನ ಹತ್ತಿರ ಎರಡು ಕಾರ್ಬನ್ ಸ್ಟೀಲ್ ಚಾಕು ಇವೆ. ಸ್ಟೇನ್‌ಲೆಸ್‌ನಲ್ಲಿ ಕಡಿಮೆ ಅಂದರೂ ಶೇ. 10.5 ಕ್ರೋಮಿಯಂ ಇರುತ್ತದೆ, ತುಕ್ಕನ್ನು ಅದು ತಡೆಯುತ್ತದೆ. ಇವುಗಳಿಗೆ ಆ ಕಾವಲು ಇಲ್ಲ. ನಿಂಬೆಹಣ್ಣು ಕೊಯ್ದು ಹತ್ತು ನಿಮಿಷ ಮರೆತರೆ ಸಾಕು, ಕಲೆ ಬಿದ್ದಿರುತ್ತದೆ. ಚಿಕ್ಕದು ದಿನಾ ಕೈಯಲ್ಲೇ ಇರುತ್ತದೆ. ಉದ್ದದ್ದು ಎರಡು ಮೂರು ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ಫಜೀತಿ ಆದದ್ದು ಈ ಉದ್ದದ್ದರಿಂದ.

ಎತ್ತಿಟ್ಟಾಗ ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಮೊದಲು ಹಚ್ಚಿದ್ದು ಒಲೆ ಪಕ್ಕ ಇದ್ದ ಸೂರ್ಯಕಾಂತಿ ಎಣ್ಣೆ. ಹೊಟ್ಟೆಗೇ ಹೋಗುವ ಎಣ್ಣೆ, ಚಾಕುವಿಗೆ ಹಚ್ಚಿದರೆ ಏನಾಗುತ್ತದೆ ಅಂದುಕೊಂಡೆ. ಧಾರಾಳವಾಗಿ ಸವರಿ, ಹಳೇ ನ್ಯೂಸ್‌ಪೇಪರ್ ಸುತ್ತಿ, ಡ್ರಾಯರ್‌ಗೆ ತಳ್ಳಿದೆ. ಮೂರು ತಿಂಗಳಾದ ಮೇಲೆ ತೆಗೆದರೆ ಪೇಪರ್ ಬರಲೊಲ್ಲದು. ಎಳೆದಾಗ ಅರ್ಧ ಕೈಗೆ ಬಂತು, ಅರ್ಧ ಅಲಗಿಗೆ ಅಂಟಿಕೊಂಡೇ ಉಳಿಯಿತು. ಅಲಗಿನ ಮೇಲೆ ಸುದ್ದಿಯ ಸಾಲುಗಳು ಉಲ್ಟಾ ಮೂಡಿದ್ದವು. ಕೆಳಗೆ ಹಳದಿ ಬಣ್ಣದ ಜಿಗುಟು. ಮೂಗಿನ ಹತ್ತಿರ ತಂದರೆ ಕಮಟು ವಾಸನೆ.

ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಬೇಕಿಂಗ್ ಸೋಡಾವನ್ನು ಗಟ್ಟಿಯಾಗಿ ಕಲಸಿ ಹಚ್ಚಿ, ಬಟ್ಟೆಯಲ್ಲಿ ಮುಕ್ಕಾಲು ಗಂಟೆ ಉಜ್ಜಿದೆ. ಅಂಚಿನ ಹತ್ತಿರ ಉಜ್ಜುವಾಗ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ, ಬಟ್ಟೆ ಎರಡು ಕಡೆ ಸೀಳಿತು. ಅಂಟು ಹೋದ ಮೇಲೆ ನೋಡಿದರೆ ಅಡಿಯಲ್ಲಿ ತುಕ್ಕು! ಸರಿಯಾಗಿ ಹೆಬ್ಬೆರಳಿನ ಆಕಾರದಲ್ಲಿ. ಅಲಗು ಪೂರ್ತಿ ಒಣಗುವ ಮುಂಚೆ ಎಣ್ಣೆ ಸವರಿದ್ದೆ. ಒದ್ದೆ ಬೆರಳಿನ ಗುರುತು ಎಣ್ಣೆಯ ಅಡಿಯಲ್ಲೇ ಬೆಚ್ಚಗೆ ಕೂತಿತ್ತು. ಇದು ಮಾತ್ರ ಎಣ್ಣೆಯ ತಪ್ಪಲ್ಲ, ನನ್ನದೇ.

ಅಂಟು ಯಾಕೆ ಆಯಿತು ಅಂತ ಆಮೇಲೆ ಓದಿಕೊಂಡೆ. ಸೂರ್ಯಕಾಂತಿಯಂಥ ಎಣ್ಣೆಗಳ ಕಣಗಳಲ್ಲಿ ಜೋಡಿ ಬಂಧಗಳು (ಪರಮಾಣುಗಳ ನಡುವಿನ ಎರಡೆಳೆಯ ಕೊಂಡಿಗಳು) ಜಾಸ್ತಿ. ಗಾಳಿಯ ಆಮ್ಲಜನಕ ಅಲ್ಲೇ ಹಿಡಿದುಕೊಳ್ಳುತ್ತದೆ, ಕಣಗಳು ಒಂದಕ್ಕೊಂದು ಹೆಣೆದುಕೊಂಡು ಪದರ ಆಗುತ್ತವೆ. ಈ ಗುಣವನ್ನು ಅಯೋಡಿನ್ ಮೌಲ್ಯ ಅಂತ ಅಳೆಯುತ್ತಾರೆ. ಅಗಸೆ ಎಣ್ಣೆಯದು 170ಕ್ಕೂ ಮೇಲೆ, ಸೂರ್ಯಕಾಂತಿಯದು ಸುಮಾರು 110ರಿಂದ 140, ಆಲಿವ್‌ನದು 75ರಿಂದ 94, ಕೊಬ್ಬರಿ ಎಣ್ಣೆಯದು ಹತ್ತರ ಆಸುಪಾಸು. ಸಂಖ್ಯೆ ಜಾಸ್ತಿ ಇದ್ದಷ್ಟೂ ಅಂಟು ಬೇಗ. ಕಬ್ಬಿಣದ ಬಾಣಲೆಯನ್ನು ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುವುದು ಇದೇ ಗುಣ ನಂಬಿಕೊಂಡು. ಬಾಣಲೆಗೆ ಒಳ್ಳೆಯದು, ಚಾಕುವಿಗೆ ಬೇಡ.

ಹಾಗಾಗಿ ಅಗಸೆ ಎಣ್ಣೆಯನ್ನು ನಾನು ಹಚ್ಚಿಯೂ ನೋಡಲಿಲ್ಲ. ಗಟ್ಟಿ ಪದರ ಕೂರುತ್ತದೆ, ಒಳ್ಳೆಯದು ಅನ್ನುವವರಿದ್ದಾರೆ. ಸಾಣೆ ಹಿಡಿದಾಗೆಲ್ಲ ಆ ಪದರ ಅಂಚಿನಲ್ಲಿ ಹೋಗಿಯೇ ಹೋಗುತ್ತದೆ ಅಲ್ವಾ? ಅದೂ ಅಲ್ಲದೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಮರಗೆಲಸಕ್ಕೆ ಮಾರುವ 'ಬಾಯಿಲ್ಡ್' ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಅದು ಅಡುಗೆಮನೆಗೆ ಬೇಡವೇ ಬೇಡ.

ಆಲಿವ್ ಎಣ್ಣೆಯಲ್ಲಿ ಅಂಟು ತಡವಾಗಿ ಬರುತ್ತದೆ, ಕಮಟು ಬೇಗ ಬರುತ್ತದೆ. ಮುಂದೆ ಹೋಗೋಣ.

ಕೊಬ್ಬರಿ ಎಣ್ಣೆ ನನಗೆ ನಿಜಕ್ಕೂ ಹಿಡಿಸಿತು. ಚಿಕ್ಕ ಚಾಕುವಿಗೆ ಒಂದು ತಿಂಗಳು ಹಚ್ಚಿದೆ, ಅಂಟು ಆಗಲಿಲ್ಲ. ತಕರಾರು ಒಂದೇ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ, ಅಲಗಿನ ಮೇಲೆ ಬಿಳಿ ಮಚ್ಚೆ ಮಚ್ಚೆಯಾಗಿ ಕೂರುತ್ತದೆ. ಒರೆಸಿದರೆ ಹೋಗುತ್ತದೆ, ಆದರೆ ನೋಡಿದಾಗ ಒಂದು ಕ್ಷಣ ಎದೆ ಧಸಕ್ ಅನ್ನುತ್ತದೆ.

ಕ್ಯಾಮೆಲಿಯಾ ಅನ್ನುವ ಹೂಗಿಡದ ಬೀಜದ ಎಣ್ಣೆ ಜಪಾನಿನಲ್ಲಿ ಉಪಕರಣಗಳಿಗೆ ಹಚ್ಚುವ ಎಣ್ಣೆ. ಅದರಲ್ಲಿ ಶೇ. 80ರಷ್ಟು ಒಲಿಯಿಕ್ ಆಮ್ಲ (ಒಂದೇ ಜೋಡಿ ಬಂಧ ಇರುವ ಕೊಬ್ಬಿನ ಆಮ್ಲ) ಇರುವುದರಿಂದ ಸುಲಭಕ್ಕೆ ಅಂಟಾಗುವುದಿಲ್ಲ. ಸವರಿದರೆ ರೇಷ್ಮೆಯಂತೆ ಹರಡುತ್ತದೆ. ಕೈಗೆ ಅತೀ ಖುಷಿ ಕೊಟ್ಟದ್ದು ಇದೇ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಮೊದಲು ತಂದ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಮಿನರಲ್ ಆಯಿಲ್ ಮತ್ತು ಸುಗಂಧ! ಮುಂದೆ ಹೂವಿನ ಚಿತ್ರ. ಉಪಕರಣಗಳಿಗೆಂದು ಈ ಹೆಸರಲ್ಲಿ ಮಾರುವ ಬಾಟಲಿಗಳಲ್ಲಿ ಇದು ಅಪರೂಪವೇನಲ್ಲ. ಆಮೇಲೆ ಅಸಲಿ ಎಣ್ಣೆ ತಂದೆ, ಚೆನ್ನಾಗಿಯೇ ಕೆಲಸ ಮಾಡಿತು. ಮಿನರಲ್ ಆಯಿಲ್‌ಗಿಂತ ಹಲವು ಪಟ್ಟು ದುಡ್ಡು ಕೊಟ್ಟು, ಅದರಷ್ಟೇ ಕೆಲಸ.

ಮಿನರಲ್ ಆಯಿಲ್‌ನಲ್ಲಿ ಆಮ್ಲಜನಕ ಹಿಡಿದುಕೊಳ್ಳಲು ಆ ಜೋಡಿ ಬಂಧಗಳೇ ಇಲ್ಲ. ಅದೇ ಉದ್ದದ ಚಾಕು, ಅದೇ ಡ್ರಾಯರ್, ಆರು ತಿಂಗಳು ಬಿಟ್ಟು ತೆಗೆದೆ. ಹಚ್ಚಿದ ದಿನ ಹೇಗಿತ್ತೋ ಹಾಗೇ ನುಣ್ಣಗೆ ಜಾರುತ್ತಿತ್ತು. ಪೆಟ್ರೋಲಿಯಂನಿಂದ ಬಂದದ್ದು ಅಂತ ಕೆಲವರು ಮೂಗು ಮುರಿಯುತ್ತಾರೆ. ಚೆನ್ನಾಗಿ ಶುದ್ಧ ಮಾಡಿದ ಇದನ್ನೇ ಲಿಕ್ವಿಡ್ ಪ್ಯಾರಾಫಿನ್ ಹೆಸರಿನಲ್ಲಿ ಮಲಬದ್ಧತೆಗೆ ಔಷಧಿಯಾಗಿ ಕೊಡುತ್ತಾರೆ. ಲೇಬಲ್ ಮಾತ್ರ ನೋಡಿ ತನ್ನಿ. ಬೇಬಿ ಆಯಿಲ್‌ನಲ್ಲಿ ಸಾಮಾನ್ಯವಾಗಿ ಸುಗಂಧ ಇರುತ್ತದೆ. ಹೊಲಿಗೆ ಮಷೀನಿನ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೆಲ್ಲ ತಿನ್ನುವ ಪದಾರ್ಥ ಮುಟ್ಟುವ ಅಲಗಿಗೆ ಅಲ್ಲ. ಮಿನರಲ್ ಆಯಿಲ್‌ನ ಕೊರತೆ ಅಂದರೆ, ಅಲಗಿಗೆ ಕಚ್ಚಿಕೊಳ್ಳುವುದಿಲ್ಲ. ಒಮ್ಮೆ ತೊಳೆದರೆ ಹೋಯಿತು, ಮತ್ತೆ ಹಚ್ಚಬೇಕು.

ಹಚ್ಚುವುದಕ್ಕೂ ಎರಡು ನಿಮಿಷ ಸಾಕು. ತೊಳೆದು, ಒರೆಸಿ, ಗಾಳಿಗೆ ಸ್ವಲ್ಪ ಹೊತ್ತು ಬಿಡಿ. ಮೂರ್ನಾಲ್ಕು ಹನಿ ಸವರಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಎಣ್ಣೆ ಇದೆಯೋ ಇಲ್ಲವೋ ಅನ್ನಿಸುವಷ್ಟು ಉಳಿದರೆ ಸರಿ. ಚರ್ಮದ ಕವಚದಲ್ಲಿಟ್ಟು ತಿಂಗಳುಗಟ್ಟಲೆ ಬಿಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ದಿನಾ ಬಳಸುವ ಚಿಕ್ಕ ಚಾಕುವಿಗೆ ಈಗ ನಾನು ಏನೂ ಹಚ್ಚುವುದಿಲ್ಲ, ಕೆಲಸ ಮುಗಿದ ತಕ್ಷಣ ತೊಳೆದು ಒರೆಸುತ್ತೇನೆ, ಅಷ್ಟೇ. ಎತ್ತಿಡುವ ಚಾಕು ಇಲ್ಲದವರು ಸುಮ್ನೆ ಬಾಟಲಿ ತರಬೇಡಿ, ಬೇಕಾದಾಗ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ನಾನು ತಂದ ಮಿನರಲ್ ಆಯಿಲ್‌ನಲ್ಲಿ ಮುಕ್ಕಾಲು ಪಾಲು ಹೋದದ್ದು ಮರದ ಕಟಿಂಗ್ ಬೋರ್ಡಿಗೆ. ಅದು ಎಷ್ಟು ಕೊಟ್ಟರೂ ಕುಡಿಯುತ್ತದೆ.