ನಮ್ಮ ಕ್ರಾಸಿಗೆ ಹಾಕಿಸಿದ ಆರು ಕ್ಯಾಮೆರಾ: ಒಂಬತ್ತು ತಿಂಗಳು ಬಳಸಿದ ಮೇಲೆ

ನಮ್ಮದು ಬೆಂಗಳೂರಿನ ಶ್ರೀನಗರದ ಒಂದು ಕ್ರಾಸ್. ಇಲ್ಲಿಗೆ ಸಿಸಿಟಿವಿ ಕ್ಯಾಮೆರಾ ಯಾಕೆ ಹಾಕಿಸಿದೆವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ನಾನು ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಕೊಡುವವಳು. ಹಬ್ಬದ ಮುಂಚಿನ ವಾರ ನನಗೆ ನಿದ್ದೆಯೇ ಇರುವುದಿಲ್ಲ. ಅವತ್ತು ಬೆಳಗ್ಗೆ ಆರೂಕಾಲಿಗೆ ಕಾಫಿಗೆ ಹಾಲು ಇಟ್ಟಿದ್ದೆ. ಬೀದಿಯಲ್ಲಿ ಯಾರೋ ಕಿರುಚಿದರು. ಓಡಿ ಬಂದು ನೋಡಿದರೆ ಎದುರು ಮನೆ ಅಜ್ಜಿ ರಂಗೋಲಿ ಡಬ್ಬಿಯ ಪಕ್ಕದಲ್ಲೇ ಬಿದ್ದಿದ್ದರು. ಕುತ್ತಿಗೆಯ ಮೇಲೆ ಕೆಂಪು ಬರೆ. ಎರಡೆಳೆ ಕರಿಮಣಿ ಸರ ಇಲ್ಲ.

ಬೈಕಿನಲ್ಲಿ ಇಬ್ಬರು ಬಂದಿದ್ದರಂತೆ. ರಾಮಾಂಜನೇಯ ಗುಡ್ಡಕ್ಕೆ ದಾರಿ ಯಾವುದು ಅಜ್ಜಿ ಎಂದು ಕೇಳಿದರಂತೆ. ಅಜ್ಜಿ ಕೈ ತೋರಿಸಲು ಆ ಕಡೆ ತಿರುಗಿದ್ದಾರೆ. ಹಿಂದೆ ಕೂತವನು ಸರಕ್ಕೆ ಕೈ ಹಾಕಿದ್ದಾನೆ.

112ಕ್ಕೆ ನಾನೇ ಕರೆ ಮಾಡಿದೆ. ಪೊಲೀಸರ ಹೊಯ್ಸಳ ಗಾಡಿ ಹತ್ತು ಹನ್ನೆರಡು ನಿಮಿಷದಲ್ಲಿ ಬಂತು. ಬಂದವರು ಅಜ್ಜಿಗೆ ಮೊದಲು ನೀರು ಕೊಡಿಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, ಈ ರಸ್ತೆಯಲ್ಲಿ ಯಾರ ಮನೆಗೆ ಸಿಸಿಟಿವಿ ಇದೆ?

ಶ್ರೀನಗರದ ನಮ್ಮ ಕ್ರಾಸಿನಲ್ಲಿ ಒಬ್ಬರ ಮನೆಗೆ ಮಾತ್ರ ಇತ್ತು. ಎರಡನೇ ಮಹಡಿಯ ಸಜ್ಜಾಕ್ಕೆ ಹಾಕಿಸಿದ್ದರು. ಅದರಲ್ಲಿ ಕಂಡಿದ್ದು ಎರಡು ಹೆಲ್ಮೆಟ್ಟಿನ ನೆತ್ತಿ. ನಂಬರ್ ಪ್ಲೇಟ್ ಇಲ್ಲ, ಮುಖ ಇಲ್ಲ. ಜೊತೆಗೆ ಅದರ ಗಡಿಯಾರ 47 ನಿಮಿಷ ಹಿಂದೆ ಇತ್ತು. ಅವತ್ತು ಬಂದಿದ್ದ ಪೊಲೀಸರೊಬ್ಬರು ಇದನ್ನು ಬಿಡಿಸಿ ಹೇಳಿದರು. ಕಳ್ಳರ ಬೈಕನ್ನು ಅವರು ಒಂದು ಕ್ಯಾಮೆರಾದಿಂದ ಮುಂದಿನ ಕ್ಯಾಮೆರಾಕ್ಕೆ, ಗಂಟೆ ನಿಮಿಷ ಹಿಡಿದುಕೊಂಡು ಹುಡುಕುತ್ತಾ ಹೋಗುತ್ತಾರೆ. ನಡುವೆ ಒಂದರ ಸಮಯ ತಪ್ಪಿದ್ದರೂ ಜಾಡು ಅಲ್ಲಿಗೇ ಕಡಿದುಹೋಗುತ್ತದೆ.

ನಗರದಲ್ಲಿ ಸೇಫ್ ಸಿಟಿ ಯೋಜನೆಯ ಕ್ಯಾಮೆರಾಗಳು 7,000ಕ್ಕೂ ಜಾಸ್ತಿ ಇವೆ. ಹೆಂಗಸರ ಸುರಕ್ಷತೆಗೆ ಕೇಂದ್ರ ಸರ್ಕಾರ ಇಟ್ಟಿರುವ ನಿರ್ಭಯಾ ನಿಧಿಯಲ್ಲಿ ಹಾಕಿದ್ದು. ಅಲಿ ಆಸ್ಕರ್ ರಸ್ತೆಯ ಕೇಂದ್ರದಲ್ಲಿ ಕೂತು ಪೊಲೀಸರು ಅವನ್ನು ನೋಡುತ್ತಾರೆ. ಆದರೆ ನಮ್ಮಂಥ ಕ್ರಾಸುಗಳ ಒಳಗೆ ಏನಾಯಿತು ಅನ್ನುವುದನ್ನು ಅಲ್ಲಿ ವಾಸ ಇರುವವರೇ ನೋಡಿಕೊಳ್ಳಬೇಕು. ಹಿಂದೆ ರಾತ್ರಿ ಹೊತ್ತು ಒಬ್ಬ ಗೂರ್ಖಾ ಲಾಠಿ ತಟ್ಟುತ್ತಾ, ಸೀಟಿ ಊದುತ್ತಾ ಬರುತ್ತಿದ್ದ. ತಿಂಗಳಿಗೊಮ್ಮೆ ಮನೆ ಮನೆಗೆ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ಕೊರೊನಾ ಬಂದ ಮೇಲೆ ಊರಿಗೆ ಹೋದವನು ಮತ್ತೆ ಬರಲಿಲ್ಲ.

ಹಬ್ಬ ಮುಗಿದ ಭಾನುವಾರ ಮೂಲೆ ಮನೆ ಮೇಷ್ಟ್ರ ವರಾಂಡದಲ್ಲಿ ಎಲ್ಲರೂ ಸೇರಿದೆವು. 24 ಮನೆಯವರು ತಲಾ 1,750 ರೂಪಾಯಿ ಹಾಕಿದರು. ಒಟ್ಟು 42,000. ನಾನು, ಮೇಷ್ಟ್ರು, ಅವರ ಮಗ ಮೂವರೂ ಬಸ್ಸು ಹತ್ತಿ ಟೌನ್ ಹಾಲ್ ಹತ್ತಿರ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹೋದೆವು. ನಾಲ್ಕು ಅಂಗಡಿ ವಿಚಾರಿಸಿ ಒಂದರಲ್ಲಿ ಖರೀದಿಸಿದೆವು. ಆರು ಕ್ಯಾಮೆರಾ, ಎಲ್ಲವೂ 5 ಮೆಗಾಪಿಕ್ಸೆಲ್. ಎಂಟು ಚಾನಲ್ಲಿನ, ಅಂದರೆ ಎಂಟು ಕ್ಯಾಮೆರಾ ಸೇರಿಸಬಹುದಾದ ಡಿವಿಆರ್ (ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), 2 ಟಿಬಿ ಹಾರ್ಡ್ ಡಿಸ್ಕ್, ವೈರು, ಸಣ್ಣ ಯುಪಿಎಸ್, ಹಾಕುವ ಕೂಲಿ. ಬಿಲ್ 41,500 ಆಯಿತು. ಉಳಿದ 500ರಲ್ಲಿ ‘ಈ ರಸ್ತೆಯಲ್ಲಿ ಸಿಸಿಟಿವಿ ಇದೆ’ ಎಂದು ಬೋರ್ಡ್ ಬರೆಸಿದೆವು. ಆ ಬೋರ್ಡ್ ಇದ್ದರೆ ಒಳ್ಳೆಯದು. ಕಳ್ಳನಿಗೆ ಮಾತ್ರ ಅಲ್ಲ, ದಾರಿಯಲ್ಲಿ ಹೋಗುವ ಎಲ್ಲರಿಗೂ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದು ತಿಳಿದಿರಬೇಕು ಅಲ್ವಾ.

ಚಿತ್ರ ಹಗಲಿನಲ್ಲಿ ತುಂಬಾ ಚೆನ್ನಾಗಿದೆ. ಸೀರೆಯ ಅಂಚಿನ ಬಣ್ಣ ಕೂಡ ಗೊತ್ತಾಗುತ್ತದೆ. ಡಿವಿಆರ್ ಒಂದು ಸಲವೂ ಕೈಕೊಟ್ಟಿಲ್ಲ. ಇಷ್ಟು ಮಾತ್ರ ನೋಡಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ನಮಗೆ ಕಷ್ಟ ಕೊಟ್ಟಿದ್ದು ಕ್ಯಾಮೆರಾ ಅಲ್ಲ, ಹಾಕಿಕೊಟ್ಟ ರೀತಿ.

ಹಾಕಲು ಬಂದ ಹುಡುಗರು ಆರನ್ನೂ ಹನ್ನೆರಡು ಅಡಿ ಎತ್ತರಕ್ಕೆ ಹಾಕಿದರು. ಯಾರೂ ಮುರಿಯಬಾರದು ಅನ್ನುವುದು ಅವರ ಲೆಕ್ಕ. ಸಂಜೆ ಮೊಬೈಲಿನಲ್ಲಿ ನೋಡಿದರೆ ಮತ್ತೆ ಅದೇ ನೆತ್ತಿಗಳು. ಲೆನ್ಸ್ ಕೂಡ ಎಲ್ಲದಕ್ಕೂ 2.8 ಮಿಲಿಮೀಟರ್. ಅದರಲ್ಲಿ ಬೀದಿ ಪೂರ್ತಿ ಕಾಣುತ್ತದೆ, ಆದರೆ ಸ್ವಲ್ಪ ದೂರದಲ್ಲಿರುವವರ ಮುಖ ಹುಣಸೆ ಬೀಜದಷ್ಟು. ಜೂಮ್ ಮಾಡಿದರೆ ಬರೀ ಚೌಕ ಚೌಕ. ಮೇಷ್ಟ್ರು ಹಟ ಹಿಡಿದು ಕೂತರು. ಕ್ರಾಸಿನ ಎರಡೂ ತುದಿಯ ಕ್ಯಾಮೆರಾಗಳನ್ನು ಏಳು ಅಡಿಗೆ ಇಳಿಸಿ, ದೂರದ್ದನ್ನು ದೊಡ್ಡದಾಗಿ ತೋರಿಸುವ 8 ಮಿಲಿಮೀಟರ್ ಲೆನ್ಸಿನವು ಹಾಕಿಸಿದರು. ಎರಡೂ ರಸ್ತೆಯ ಹಂಪ್ ಕಡೆಗೆ ನೋಡುತ್ತವೆ. ಎಷ್ಟೇ ಜೋರಾಗಿ ಬಂದ ಬೈಕಾದರೂ ಹಂಪ್ ಹತ್ತಿರ ಬ್ರೇಕ್ ಹಿಡಿಯಲೇಬೇಕು. ನಂಬರ್ ಸಿಗುವುದು ಅಲ್ಲಿ. ನೀವು ಹಾಕಿಸುವುದಾದರೆ ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಬೀದಿ ಪೂರ್ತಿ ಕಾಣಲು ಎರಡು ಅಗಲದ ಕ್ಯಾಮೆರಾ ಸಾಕು. ಮುಖಕ್ಕೆ, ನಂಬರಿಗೆ ಬೇರೆಯೇ ಬೇಕು.

ರಾತ್ರಿಯದು ಇನ್ನೊಂದು ಕಥೆ. ಕತ್ತಲಾದರೆ ಈ ಕ್ಯಾಮೆರಾಗಳು ಇನ್‌ಫ್ರಾರೆಡ್ ಬೆಳಕು ಬಿಟ್ಟು ಕಪ್ಪು ಬಿಳುಪು ಚಿತ್ರ ತೆಗೆಯುತ್ತವೆ. ಬೈಕ್ ಕೆಂಪೋ ನೀಲಿಯೋ ಗೊತ್ತಾಗುವುದಿಲ್ಲ. ಹೊಳೆಯುವ ನಂಬರ್ ಪ್ಲೇಟಿನ ಮೇಲೆ ಆ ಬೆಳಕು ಬಿದ್ದರೆ ಅಕ್ಷರವೇ ಕಾಣದ ಬಿಳಿ ಚೌಕ. ಎರಡು ವಾರ ತಲೆ ಕೆಡಿಸಿಕೊಂಡೆವು. ಆಮೇಲೆ ಕ್ಯಾಮೆರಾ ಬಿಟ್ಟು ತಲೆ ಎತ್ತಿ ಕಂಬ ನೋಡಿದೆವು. ಹಂಪ್ ಪಕ್ಕದ ಬೀದಿದೀಪ ಯಾವ ಕಾಲದಿಂದಲೋ ಕೆಟ್ಟಿತ್ತು. ಪಾಲಿಕೆಯ ಸಹಾಯವಾಣಿ 1533ಕ್ಕೆ ಕಂಬದ ನಂಬರ್ ಹೇಳಿ ದೂರು ಕೊಟ್ಟೆವು. ದೀಪ ಬಂತು. ಇನ್ನೊಂದು ತುದಿಗೆ ಇದ್ದದ್ದರ ಬದಲು ರಾತ್ರಿಯೂ ಬಣ್ಣದಲ್ಲಿ ತೆಗೆಯುವ ಕ್ಯಾಮೆರಾ ಹಾಕಿಸಿದೆವು. ದೀಪ ಬಂದ ಮೇಲೆ ಕ್ಯಾಮೆರಾಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಜನಕ್ಕೆ. ರಾತ್ರಿ ಒಂಬತ್ತರ ಮೇಲೂ ಹೆಂಗಸರು ಜಗುಲಿಯಲ್ಲಿ ಕೂರುತ್ತಾರೆ ಈಗ.

ಅಂಗಡಿಯವರು ಒಂದು ತಿಂಗಳ ರೆಕಾರ್ಡಿಂಗ್ ಇರುತ್ತದೆ ಎಂದು ಹೇಳಿದ್ದರು. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ತುಂಬಾ ಜನ ಸೇರುವ ಜಾಗಗಳಲ್ಲಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಅದು ಮನೆಗಳಿಗಲ್ಲ, ಆದರೂ ನಮಗೂ ಅಷ್ಟೇ ಬೇಕು ಅನಿಸಿತ್ತು. ನೋಡಿದರೆ ಹದಿನೈದನೇ ದಿನಕ್ಕೇ ಹಳೆಯದು ಅಳಿಸಿಹೋಗುತ್ತಿತ್ತು. ಲೆಕ್ಕ ಕಷ್ಟದ್ದಲ್ಲ. ಒಂದೊಂದು ಕ್ಯಾಮೆರಾ ದಿನಕ್ಕೆ ಸುಮಾರು 20 ಜಿಬಿ ತಿಂದರೆ, ಆರು ಸೇರಿ 120 ಜಿಬಿ. 2 ಟಿಬಿ ಎಷ್ಟು ದಿನ ಬಂದೀತು? ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇದ್ದದ್ದನ್ನು ಮೇಷ್ಟ್ರ ಮಗ 12ಕ್ಕೆ ಇಳಿಸಿದ. ಈಗ 24 ದಿನ ಬರುತ್ತಿದೆ. ನೀವು ಕೊಳ್ಳುವಾಗ ಈ ಲೆಕ್ಕವನ್ನು ಅಂಗಡಿಯವರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ.

ನನಗೆ ನಿಜವಾಗಿ ಸಿಟ್ಟು ಬಂದ ವಿಷಯ ಬೇರೆ. ಪಾಸ್‌ವರ್ಡ್. ಅಳವಡಿಸಿದವರು ಒಂದು ಎರಡು ಮೂರು ನಾಲ್ಕು ಎಂದು ಇಟ್ಟುಹೋಗಿದ್ದರು. ತಿಂಗಳಾದ ಮೇಲೆ ರಿಪೇರಿಗೆ ಬಂದ ಹುಡುಗ ತನ್ನ ಮೊಬೈಲಿನಲ್ಲೇ ನಮ್ಮ ಬೀದಿ ತೆರೆದು ತೋರಿಸಿದ. ಅಂದರೆ ಅಷ್ಟು ದಿನ ನಮ್ಮ ಮನೆಗಳ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಲ್ಲವೂ ಅವನ ಕೈಯಲ್ಲಿತ್ತು. ಅವನು ಒಳ್ಳೆಯ ಹುಡುಗನೇ ಇರಬಹುದು. ಆದರೂ ನನಗೆ ಅವತ್ತು ಹೊಟ್ಟೆಯಲ್ಲಿ ಸಂಕಟ ಆಯಿತು. ಅಲ್ಲೇ ಕೂರಿಸಿಕೊಂಡು ಅವನ ಮೊಬೈಲಿನಿಂದ ತೆಗೆಸಿ, ಪಾಸ್‌ವರ್ಡ್ ಬದಲಾಯಿಸಿದೆವು. ನೀವು ಹಾಕಿಸಿದ ದಿನವೇ, ಕೂಲಿ ಕೊಡುವ ಮುಂಚೆಯೇ ಈ ಕೆಲಸ ಮಾಡಿಸಿ. ಇಂಟರ್ನೆಟ್ಟಿಗೆ ಸೇರುವ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಹೊಸ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಇದೆಯಾ ಎಂದು ಪೆಟ್ಟಿಗೆ ತಿರುಗಿಸಿ ನೋಡಿ.

ದಿನನಿತ್ಯದ ಆರೈಕೆ ಎಷ್ಟು ಬೇಕು ಅನ್ನುವುದನ್ನು ನಮಗೆ ಯಾರೂ ಹೇಳಿರಲಿಲ್ಲ. ಜೇಡಗಳು ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತವೆ. ರಾತ್ರಿ ಆ ಎಳೆ ಹೊಳೆದು ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿಕೊಂಡು ನಾನೇ ಒರೆಸುತ್ತೇನೆ. ಪ್ರತಿ ಭಾನುವಾರ ಮೇಷ್ಟ್ರು ಡಿವಿಆರ್ ಗಡಿಯಾರವನ್ನು ಮೊಬೈಲಿಗೆ ಹೊಂದಿಸಿ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಯುಪಿಎಸ್ ಇಪ್ಪತ್ತು ನಿಮಿಷಕ್ಕೆ ಮಲಗುತ್ತದೆ. ಮಳೆ ಬಂದು ಕರೆಂಟ್ ಹೋದರೆ ಅದು ಏನೂ ಸಾಲದು. ದೊಡ್ಡದು ತೆಗೆದುಕೊಳ್ಳಬೇಕಿತ್ತು.

ಹಾಗಾದರೆ ಉಪಯೋಗ ಆಯಿತಾ? ಅಜ್ಜಿಯ ಸರ ಇವತ್ತಿಗೂ ಸಿಕ್ಕಿಲ್ಲ. ಕ್ಯಾಮೆರಾ ಬಂದಿದ್ದೇ ಆಮೇಲೆ. ಡಿಸೆಂಬರಿನಲ್ಲಿ ಒಂದು ಸ್ಕೂಟರ್ ಕಳುವಾಯಿತು. ಹಂಪ್ ಕ್ಯಾಮೆರಾದಲ್ಲಿ ಮುಖವೂ ಸಮಯವೂ ಸರಿಯಾಗಿ ಸಿಕ್ಕಿತು. ಪೊಲೀಸರು ದೃಶ್ಯವನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಮೇಷ್ಟ್ರಿಂದ ಒಂದು ಪ್ರಮಾಣಪತ್ರಕ್ಕೆ ಸಹಿ ಮಾಡಿಸಿಕೊಂಡರು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಆ ಪತ್ರ ಇದ್ದರೇ ಕೋರ್ಟಿನಲ್ಲಿ ನಡೆಯುವುದಂತೆ. ಆದ್ದರಿಂದ ಡಿವಿಆರ್ ಯಾರ ಜವಾಬ್ದಾರಿಯಲ್ಲಿದೆ ಎಂದು ಮೊದಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಸ್ಕೂಟರ್ ಹನ್ನೆರಡು ದಿನಕ್ಕೆ ಸಿಕ್ಕಿತು.

ಜನವರಿಯಲ್ಲಿ ಅದೇ ಅಜ್ಜಿಯ ಯಜಮಾನರು, ನಾವೆಲ್ಲ ತಾತ ಎಂದು ಕರೆಯುವವರು, ಬೆಳಗಿನ ಜಾವ ಬಾಗಿಲು ತೆಗೆದುಕೊಂಡು ಹೊರಟುಬಿಟ್ಟರು. ಅವರಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಎಲ್ಲರೂ ಬಸ್ ಸ್ಟ್ಯಾಂಡ್ ಕಡೆ ಓಡಿದರು. ನಾನು ಮೊಬೈಲ್ ತೆಗೆದು ಹಿಂದಕ್ಕೆ ಎಳೆದು ನೋಡಿದೆ. 4 ಗಂಟೆ 52 ನಿಮಿಷ. ಪಂಚೆ, ಮಫ್ಲರ್, ಕೈಯಲ್ಲಿ ಹಾಲಿನ ಪಾತ್ರೆ. ಬಸ್ ಸ್ಟ್ಯಾಂಡಿಗಲ್ಲ, ಕೆಂಪಾಂಬುಧಿ ಕೆರೆ ಕಡೆ ತಿರುಗಿದ್ದರು. ಕೆರೆ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಹುಡುಗರು ಗಾಡಿಯಲ್ಲಿ ಹೋಗಿ, ಬೇಲಿಯ ಪಕ್ಕ ಕೂತಿದ್ದ ಅವರನ್ನು ಕರೆದುಕೊಂಡು ಬಂದರು. ಆ 1,750 ರೂಪಾಯಿ ನನಗೆ ಅವತ್ತೇ ತೀರಿತು.

ಕೆಟ್ಟದ್ದೂ ಆಗಿದೆ, ಮುಚ್ಚಿಡುವುದಿಲ್ಲ. ಬಂದ ಹೊಸದರಲ್ಲಿ ನಮ್ಮಲ್ಲೊಬ್ಬರು, ಬೆಳಗ್ಗೆ ಐದಕ್ಕೆ ಗೇಟುಗಳ ಹತ್ತಿರ ನಿಂತು ನಿಂತು ಹೋಗುತ್ತಿದ್ದ ಹುಡುಗನ ಫೋಟೊ ತೆಗೆದು, ‘ಕಳ್ಳ ಇರಬಹುದು, ಹುಷಾರು’ ಎಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಅದು ಪಕ್ಕದ ಮೂರು ಕ್ರಾಸಿಗೂ ಹೋಯಿತು. ಆ ಹುಡುಗ ಹಾಲಿನ ಪ್ಯಾಕೆಟ್ ಹಾಕಲು ಹೊಸದಾಗಿ ಸೇರಿದ್ದವನು. ಯಾವ ಮನೆ ಎಂದು ನಂಬರ್ ನೋಡುತ್ತಿದ್ದ, ಅಷ್ಟೇ. 2018ರ ಮೇ ತಿಂಗಳಲ್ಲಿ, ಇಲ್ಲೇ ಪಕ್ಕದ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಆ ಸುದ್ದಿ ಕೇಳಿದ ದಿನ ನಾನು ಊಟ ಮಾಡಿರಲಿಲ್ಲ. ಅದನ್ನೇ ನೆನಪಿಸಿ ಗ್ರೂಪಿನಲ್ಲಿ ಬರೆದೆ. ಆ ಹುಡುಗನನ್ನು ಕರೆದು ಕ್ಷಮೆ ಕೇಳಿಸಿದೆವು. ಈಗ ನಮ್ಮಲ್ಲಿ ಒಂದೇ ಕಟ್ಟುನಿಟ್ಟು. ಕ್ಯಾಮೆರಾದ ಫೋಟೊ ಗ್ರೂಪಿಗೆ ಬರಕೂಡದು. ಅನುಮಾನ ಇದ್ದರೆ 112. ನೋಡುವ ಪಾಸ್‌ವರ್ಡ್ ಮೇಷ್ಟ್ರು ಮತ್ತು ನಾನು, ಇಬ್ಬರಿಗೆ ಮಾತ್ರ. ಯಾರ ಮನೆ ಕಿಟಕಿಯೂ ಕ್ಯಾಮೆರಾದಲ್ಲಿ ಬೀಳದ ಹಾಗೆ ಡಿವಿಆರ್‌ನಲ್ಲೇ ಆ ಜಾಗ ಕಪ್ಪು ಮಾಡಿದ್ದೇವೆ. ಅದಕ್ಕೂ ಅದರಲ್ಲಿ ಸೌಕರ್ಯ ಇದೆ, ಕೇಳಿ ಮಾಡಿಸಿಕೊಳ್ಳಬೇಕು.

ಕ್ಯಾಮೆರಾ ಮತ್ತು ಡಿವಿಆರ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಅಳವಡಿಸಿದ ಕೆಲಸಕ್ಕೆ ಎರಡು. ಸಾಮಾನು ಒಬ್ಬರಿಂದ ತಂದು, ಹಾಕುವವರನ್ನು ನಿಮ್ಮ ಏರಿಯಾದಲ್ಲೇ ಹುಡುಕುವುದು ಒಳ್ಳೆಯದು. ಕರೆದಾಗ ಬರುವವರು ಬೇಕು. ನಮ್ಮವರು ಪ್ರತಿ ಸಲ ನಾಳೆ ಬರ್ತೀವಿ ಅಕ್ಕ ಎಂದು ಹೇಳಿ ವಾರ ಎಳೆದರು.

ಮನೆಗಳ ಹಿಂದಿನ ಸಂದಿ ಇನ್ನೂ ಹಾಗೇ ಉಳಿದಿದೆ. ಅಲ್ಲಿ ಕ್ಯಾಮೆರಾವೂ ಇಲ್ಲ, ದೀಪವೂ ಇಲ್ಲ. ನನ್ನ ತಂಗಿಯ ಮಗಳು ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಸ್ಸಿಳಿದರೆ ಅದೇ ಹತ್ತಿರದ ದಾರಿ. ನಾನು ಟಾರ್ಚ್ ಹಿಡಿದು ಆ ತುದಿಗೆ ಹೋಗಿ ನಿಲ್ಲುತ್ತೇನೆ. ಡಿವಿಆರ್‌ನಲ್ಲಿ ಇನ್ನೂ ಎರಡು ಚಾನಲ್ ಖಾಲಿ ಇವೆ. ಈ ಭಾನುವಾರ ಮತ್ತೆ ಮೇಷ್ಟ್ರ ಮನೆಯಲ್ಲಿ ಸೇರುತ್ತಿದ್ದೇವೆ. ಮೊದಲು ದೀಪ ಹಾಕಿಸಿ, ಆಮೇಲೆ ಕ್ಯಾಮೆರಾ ಎಂದು ಹೇಳುವುದಕ್ಕೆ ಹೋಗುತ್ತಿದ್ದೇನೆ.