ಜೈಲು ಡ್ಯೂಟಿಗೆ ಯಾವ ವಾಚು? ಕ್ಯಾಸಿಯೋ ಎಫ್-91ಡಬ್ಲ್ಯೂ

ಮಡಿಕೇರಿಯ ಜೈಲಿರಲಿ, ಬೇರೆ ಊರಿನದಿರಲಿ, ಒಳಗೆ ಡ್ಯೂಟಿ ಮಾಡುವವರ ಸ್ವಂತ ಮೊಬೈಲಿಗೆ ಸಾಮಾನ್ಯವಾಗಿ ಗೇಟಿನೊಳಗೆ ಜಾಗವಿಲ್ಲ. ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡುಗಳದ್ದೂ ಅದೇ ಪಾಡು. ಕೆಲವದರಲ್ಲಿ ಸಿಮ್, ಮೈಕು, ಫೈಲು ತುಂಬಿಸುವಷ್ಟು ಮೆಮೊರಿ ಇರುತ್ತದೆ. ಬರೀ ಬ್ಲೂಟೂತ್ ಇದ್ದರೂ ಸಂಶಯ ತಪ್ಪಿದ್ದಲ್ಲ. ಫ್ಲೈಟ್ ಮೋಡ್‌ನಲ್ಲಿದೆ ಎಂದರೆ ಗೇಟಿನವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಒಳಗೆ ಡ್ಯೂಟಿ ಮಾಡುವವರಿಗೆ 1989ರಿಂದ ಬರುತ್ತಿರುವ, 21 ಗ್ರಾಂ ತೂಕದ ಕ್ಯಾಸಿಯೋ ಎಫ್-91ಡಬ್ಲ್ಯೂ ಎಂಬ ಈ ಡಿಜಿಟಲ್ ವಾಚು ಸಾಕು. ಟೈಮು, ತಾರೀಕು, ಅಲಾರಂ, ಸ್ಟಾಪ್‌ವಾಚ್, ಅಷ್ಟೇ. ಆದರೂ ಮೊದಲ ದಿನ ಮೇಲಧಿಕಾರಿಗೆ ತೋರಿಸಿ ಅನುಮತಿ ಪಡೆಯಿರಿ. ಹಿಂಬದಿ ಸ್ಟೀಲಿನದು, ತಪಾಸಣೆಗೆ ಮುಂಚೆ ಬಿಚ್ಚಿ ಟ್ರೇಗೆ ಹಾಕಿ.

ಕೊಂಡ ಕೂಡಲೇ ಮಾಡಬೇಕಾದ್ದು ಎರಡು. ಬಲಗಡೆ ಗುಂಡಿ ಒಮ್ಮೆ ಒತ್ತಿದರೆ 24 ಗಂಟೆಯ ಲೆಕ್ಕ ಬರುತ್ತದೆ, ರಿಜಿಸ್ಟರ್ ಬರೆಯಲು ಅದೇ ಸಲೀಸು. ಆಮೇಲೆ ಎಡಗಡೆ ಕೆಳಗಿನ ಗುಂಡಿ ಒತ್ತಿ ಅಲಾರಂಗೆ ಹೋಗಿ, ಗಂಟೆಗೊಮ್ಮೆಯ ಬೀಪ್‌ನ ಗುರುತು ಆರುವವರೆಗೂ ಬಲಗಡೆ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ ಹೋಗಿ. ರಾತ್ರಿ ರೌಂಡಿನಲ್ಲಿ ನೀವೆಲ್ಲಿದ್ದೀರೆಂದು ಇಡೀ ಬ್ಯಾರಕ್ಕಿಗೆ ಅದು ಸಾರುವುದು ಬೇಡ. ತಿಂಗಳಿಗೆ 30 ಸೆಕೆಂಡಿನವರೆಗೆ ಹಿಂದೆಮುಂದೆ ಆಗಬಹುದು, ಆಗಾಗ ಗೇಟಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿ.

ಲೈಟು ಮಾತ್ರ ಹೆಸರಿಗಷ್ಟೇ. ಎಡ ಮೂಲೆಯಲ್ಲೊಂದು ಸಣ್ಣ ಹಸಿರು ಬೆಳಕು, ಬಲಗಡೆಯ ಅಂಕಿಗಳನ್ನು ಊಹಿಸಿಯೇ ಓದಬೇಕು.

ಕೊಡಗಿನ ಮಳೆಗಾಲದಲ್ಲಿ ನಿಜವಾದ ತಲೆನೋವು ತೇವ. ‘ವಾಟರ್ ರೆಸಿಸ್ಟ್’ ಎಂದರೆ ಮಳೆ ಹನಿ, ಕೈ ತೊಳೆಯುವ ನೀರು ತಡೆಯುತ್ತದೆಂದಷ್ಟೇ ಅರ್ಥ. ಒದ್ದೆಯಿರುವಾಗ ಗುಂಡಿ ಒತ್ತಬೇಡಿ. ಗಾಜಿನೊಳಗೆ ಹಬೆ ಕಟ್ಟುವುದು ಹೆಚ್ಚಾಗಿ ಬ್ಯಾಟರಿ ಬದಲಿಸಿದ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿ ಸಿಆರ್2016 ಸೆಲ್ ಹಾಕುವವರು ರಬ್ಬರ್ ರಿಂಗನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸದೆ ಮುಚ್ಚಿಬಿಡುತ್ತಾರೆ. ಎದುರಿಗೇ ನಿಂತು ಮಾಡಿಸಿ, ರಿಂಗಿಗೆ ತುಸು ಸಿಲಿಕಾನ್ ಗ್ರೀಸ್ ಹಚ್ಚಿಸಿ. ಒಂದು ಸೆಲ್ ಸುಮಾರು 7 ವರ್ಷ ಬರುವುದರಿಂದ ಈ ಗೋಳು ಪದೇಪದೇ ಇರದು. ಪಟ್ಟಿ ಅದಕ್ಕೂ ಮೊದಲೇ ತೂತುಗಳ ಹತ್ತಿರ ಸೀಳಬಹುದು.

ಇದಕ್ಕೆ ವರ್ಷದ ಲೆಕ್ಕ ಗೊತ್ತಿಲ್ಲ, ಫೆಬ್ರವರಿಗೆ ಯಾವಾಗಲೂ 28 ದಿನವೇ. 2028ರ ಫೆಬ್ರವರಿ 29ರಂದು ಇದು ಮಾರ್ಚ್ 1 ಎನ್ನುತ್ತದೆ. ರಿಜಿಸ್ಟರಿಗೆ ತಾರೀಕು ಇದನ್ನು ನೋಡಿ ಬರೆಯುವವರು ಅಂದು ಕೈಯಾರೆ ತಿದ್ದಿಕೊಳ್ಳಬೇಕು.